ಗಾಳದ ಚಮಚಕ್ಕೆ ನಿಕ್ಕಲ್ ಲೇಪ

ಹೊಳೆಯುವುದು ಏನೇ ಕಂಡರೂ ಹೆಬ್ಬೆರಳಿನ ಉಗುರಿನಿಂದ ಒಮ್ಮೆ ಕೆರೆದು ನೋಡದೆ ನಂಬುವ ಜಾಯಮಾನ ನನ್ನದಲ್ಲ; ಮುಂಬೈ ಬಳಿಯ ಕಲ್ಯಾಣದ ಹೋಟೆಲುಗಳಲ್ಲಿ ಚಮಚ ಕೆರೆದು ಮಾಣಿಗಳ ತಿರಸ್ಕಾರ ಸಂಪಾದಿಸಿದವನು ನಾನು. ನನ್ನ ಪಾಲಿನ ತಿರಸ್ಕಾರವನ್ನು ಲೋಹಕ್ಕೆ ನಿಕ್ಕಲ್ ಲೇಪಿಸುವವರಿಗಾಗಿ ಮೀಸಲಿಟ್ಟಿದ್ದೆ.

ನನ್ನ ಸರಕು ಗಾಳದ ಚಮಚ: ಮೀನಿಗೆ ಮರಿಮೀನಿನ ಭ್ರಾಂತಿ ಹುಟ್ಟಿಸುವ, ಬೆರಳುದ್ದದ ಹಿತ್ತಾಳೆ ತಗಡು. ಹೊಳಪೇ ಅದರ ಸರ್ವಸ್ವ. ಮಲ್ಪೆಯ ಅಂಗಡಿಯ ಸಾಲಿಯಾನರು ಎರಡು ಸಲ ಲೇಪ ಸಿಪ್ಪೆಯೆದ್ದ ಮಾಲನ್ನು ವಾಪಸು ಕಳಿಸಿ, ಮೂರನೆಯದೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುವುದಾಗಿ ತಿಳಿಸಿದ್ದರು. ಮೊದಲ ಸಲ ಲೇಪಿಸಿದ ಠಾಣೆ ಊರಿನವನನ್ನು ಕಳ್ಳನೆಂದೆ, ಎರಡನೆಯ ಸಲದ ಮಹಾಪೆಯವನನ್ನು ಮೂರ್ಖನೆಂದೆ. ಕೊನೆಗೆ ಉಲ್ಹಾಸನಗರದಲ್ಲಿ, ವಿಜಯಪುರದ ಕಡೆಯ ಬಸಪ್ಪನ ಲೇಪದ ಶೆಡ್ಡಿಗೆ ಬಂದು, ಚೌಕಾಸಿ ಮುಗಿಸಿ, ಎಂದಿನ ಷರತ್ತು ಹಾಕಿದೆ: ತೊಳೆದ ಮಾಲನ್ನು ನಾನು ಕೈಯಾರೆ ಪರೀಕ್ಷಿಸಿದ ಮೇಲೆಯೇ ನಿಕ್ಕಲ್ ತೊಟ್ಟಿಗೆ ಇಳಿಸಬೇಕು.

ನೀವೂ ಮಾಡಿಸುವುದಿದ್ದರೆ ಹೇಳುತ್ತೇನೆ, ನಿಕ್ಕಲ್ ತೊಟ್ಟಿಯ ಮುಂದೆ ಬೆರಗಾಗಿ ನಿಲ್ಲಬೇಡಿ, ಅದಕ್ಕೆ ಮೊದಲು ತೊಳೆಯುವುದನ್ನು ನೋಡಿ. ಜಿಡ್ಡು ಬಿಡಿಸುವ ಬಿಸಿ ಸೋಡಾ ನೀರಿನಿಂದೆತ್ತಿ ತೊಳೆದ ತಗಡಿನ ಮೇಲೆ ನೀರು ಹನಿಗಟ್ಟದೆ ಹಾಳೆಯಂತೆ ಹರಡಬೇಕು. ಹನಿಗಟ್ಟಿತೆಂದರೆ ಜಿಡ್ಡು ಉಳಿದಿದೆ, ಮೇಲಿನ ಲೇಪವೆಲ್ಲ ಬರಿಯ ಆಡಂಬರ. ಇಷ್ಟು ಪಾಂಡಿತ್ಯದ ನಾನು ಒಂದು ತಗಡನ್ನೆತ್ತಿ ಹಿಡಿದು, ಹನಿಗಳನ್ನು ತೋರಿಸಿ, ತೊಳೆಯಲೂ ಬಾರದವನೆಂದು ಬಸಪ್ಪನನ್ನು ಮೂದಲಿಸಿದೆ.

ಅವನು ಇನ್ನೊಂದನ್ನು ಕೈ ತಾಗಿಸದೆ, ಕಟ್ಟಿದ ತಂತಿಯಿಂದಲೇ ಎತ್ತಿದ. ನೀರು ಹಾಳೆಯಂತೆ ಹರಡಿತ್ತು.

“ಈಗ ನೀವು ಮುಟ್ಟ್ರಿ, ಶೆಟ್ರ.”

ಮುಟ್ಟಿದೆ, ಮತ್ತೆ ನೀರಿಗದ್ದಿ ಎತ್ತಿದಾಗ ನನ್ನ ಹೆಬ್ಬೆರಳಿನಷ್ಟೇ ಜಾಗದಲ್ಲಿ ನೀರು ಹನಿಗಟ್ಟಿತು.

“ತಲಿಗೆ ಏನ್ ಹಚ್ಚೀರಿ?”

ಕರಾವಳಿಯವನು ಕೊಬ್ಬರಿ ಎಣ್ಣೆಯಲ್ಲದೆ ಮತ್ತೇನು ಹಚ್ಚಿಯಾನು?

“ಹಂಗಾದ್ರ ನಿಕ್ಕಲ್ಲು ಕೂಡೋದು ಹಿತ್ತಾಳಿ ಮ್ಯಾಲಲ್ಲ ಬಿಡ್ರಿ, ನಿಮ್ಮ ಎಣ್ಣಿ ಮ್ಯಾಲ.”

ಚೌಕಾಸಿ ಮಾಡುವಾಗ ತಲೆ ನೇವರಿಸಿಕೊಳ್ಳುವುದು ನನ್ನ ಹಳೆಯ ಚಟ. ಠಾಣೆಯಲ್ಲೂ ಮಹಾಪೆಯಲ್ಲೂ ನೇವರಿಸಿಕೊಂಡು, ಅದೇ ಕೈಯಿಂದ ಚಮಚ ಚಮಚವನ್ನೂ ಪರೀಕ್ಷಿಸಿ, ಸಿಪ್ಪೆಯೇಳಲು ಸಕಲ ವ್ಯವಸ್ಥೆ ಮಾಡಿ ಬಂದವನು ಈ ಮಹಾಪರೀಕ್ಷಕನೇ. ಮುಟ್ಟಿದ್ದನ್ನೆಲ್ಲ ಮತ್ತೆ ತೊಳೆಯಲು ಹೇಳಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ದೂರ ನಿಂತೆ.

ತಿಂಗಳ ನಂತರ ಸಾಲಿಯಾನರ ಫೋನು ಬಂತು. “ಈ ಸಲದ ಲೇಪ ಉಪ್ಪುನೀರಿಗೂ ಏಳ್ಲಿಲ್ಲ ಮಾರಾಯ್ರೆ, ಇನ್ನಷ್ಟು ಕಳಿಸಿ. ಅಂತೂ ನಿಮಗೆ ಒಬ್ಬ ಕೆಲಸ ಗೊತ್ತಿದ್ದವ ಸಿಕ್ಕಿದ.”

ಹೌದೆಂದೆ. ಹಿಂದಿನ ಇಬ್ಬರ ಬಗ್ಗೆ, ಜೀವನದಲ್ಲಿ ಮೊದಲ ಬಾರಿಗೆ, ಏನೂ ಅನ್ನಲಿಲ್ಲ.

ಹೋಟೆಲಿನ ಚಮಚ ಕಂಡರೆ ಉಗುರು ಈಗಲೂ ತುಡಿಯುತ್ತದೆ. ಕೆರೆದೇ ನೋಡುತ್ತೇನೆ, ಮೊದಲು ಬೆರಳೊರೆಸಿಕೊಳ್ಳುತ್ತೇನೆ, ಅಷ್ಟೆ.