ಖಂಡೇಪೂಜೆಗೆ ತಂದಿಟ್ಟ ನಕಲು

ನನ್ನ ಗಂಡನಿಗೆ ಪಾರ್ಶ್ವವಾಯು ಬಡಿದ ವರ್ಷ ನಾನು ಎರಡು ವಿದ್ಯೆ ಕಲಿತೆ. ಒಂದು, ಗಡ್ಡ ಮೀಸೆ ಇರುವ ಗಂಡಸಿಗೆ ಅನ್ನ ಕಲಸಿ ತಿನ್ನಿಸುವುದು. ಇನ್ನೊಂದು, ಕಂಪ್ಯೂಟರಿನಲ್ಲಿ ಇರುವುದನ್ನು ದಿನಾ ನಕಲು ಮಾಡಿ ಕಾಪಾಡುವುದು. ಮೊದಲನೆಯದಕ್ಕೆ ತಾಳ್ಮೆ ಬೇಕು, ಅದು ನನಗೆ ಹುಟ್ಟಿನಿಂದಲೇ ಕಡಿಮೆ. ಎರಡನೆಯದರಲ್ಲಾದರೂ ಪಾಸಾಗಿದ್ದೇನೆ ಎಂದುಕೊಂಡಿದ್ದೆ.

ಅವರು ಸರ್ಕಾರಿ ಕಾರ್ಖಾನೆಯ ನೌಕರಿ ಬಿಟ್ಟು, ಬಾಲಾನಗರದಲ್ಲಿ ಒಂದು ಶೆಡ್ಡು ಹಿಡಿದು ಅಚ್ಚುಗಳನ್ನು ಮಾಡಿಸುತ್ತಿದ್ದರು. ತಗಡನ್ನು ಒತ್ತಿ ಬೇಕಾದ ಆಕಾರಕ್ಕೆ ತರುವ ಉಕ್ಕಿನ ಅಚ್ಚುಗಳು. ಲೇತಿನ ಮೇಲೆ ದುಡಿಯುವವರು ಬೇರೆ ಇದ್ದರು. ಅಚ್ಚು ಹೇಗಿರಬೇಕೆಂದು ತಲೆ ಓಡಿಸಿ ಗೆರೆ ಎಳೆಯುವವರು ಇವರೊಬ್ಬರೇ. ವರ್ಷಗಟ್ಟಲೆ ಎಳೆದ ಆ ಡ್ರಾಯಿಂಗುಗಳೆಲ್ಲ ಶೆಡ್ಡಿನ ಮೂಲೆಯ ಗಾಜಿನ ಕೋಣೆಯಲ್ಲಿ ಒಂದು ಕಂಪ್ಯೂಟರಿನೊಳಗಿದ್ದವು. ಅದನ್ನು ಎಲ್ಲರೂ ಗೌರವದಿಂದ ಸರ್ವರ್ ಎನ್ನುತ್ತಿದ್ದರು. ಅದು ಕೆಟ್ಟರೆ ಶೆಡ್ಡಿನಲ್ಲಿ ಉಳಿಯುವುದು ಬರೀ ಕಬ್ಬಿಣ.

ಅವರು ಹಾಸಿಗೆ ಹಿಡಿದಾಗ ಬಂಧುಗಳೆಲ್ಲ ಶೆಡ್ಡು ಮುಚ್ಚು ಎಂದರು. ನಾನು ಒಪ್ಪಲಿಲ್ಲ. ಅವರು ಗುಣವಾಗಿ ಬಂದು ಮತ್ತೆ ತಮ್ಮ ಕುರ್ಚಿಯಲ್ಲಿ ಕೂರುವ ತನಕ ಅದನ್ನು ಹೇಗಾದರೂ ಹಿಡಿದಿಟ್ಟುಕೊಳ್ಳಬೇಕು, ನನಗಿದ್ದದ್ದು ಅದೊಂದೇ ಹಟ. ಹಳೆಯ ಡ್ರಾಯಿಂಗು ಮುಂದಿಟ್ಟರೆ ಅದೇ ಅಚ್ಚನ್ನು ಮತ್ತೆ ಮಾಡಿಕೊಡುವಷ್ಟು ನಮ್ಮ ಕೆಲಸಗಾರರಿಗೆ ಬರುತ್ತಿತ್ತು. ಹಾಗೆಯೇ ದಿನ ದೂಡುತ್ತಿದ್ದೆ.

ಆ ಡ್ರಾಯಿಂಗುಗಳನ್ನು ಕಾಯುವ ಚಿಂತೆ ಹತ್ತಿತು. ಇಂಟರ್ನೆಟ್ಟು ಇನ್ನೂ ಫೋನಿನ ತಂತಿಯಲ್ಲಿ ತೆವಳಿಕೊಂಡು ಬರುತ್ತಿದ್ದ ಕಾಲ ಅದು. ಬೇಗಂಪೇಟೆಯ ಕಂಪ್ಯೂಟರ್ ಕಂಪನಿಯವನೊಬ್ಬ ಬಂದು, ಟೈ ಸರಿಮಾಡಿಕೊಳ್ಳುತ್ತ ಹೇಳಿದ ಬೆಲೆಗೆ ಇನ್ನೊಂದು ಶೆಡ್ಡೇ ಬರುತ್ತಿತ್ತು. ಚಹಾ ಕುಡಿಸಿ ಕಳಿಸಿದೆ. ಕೊನೆಗೆ ದಾರಿ ತೋರಿಸಿದವರು ತಾರ್ನಾಕದಲ್ಲಿ ನಮ್ಮ ಬೀದಿಯಲ್ಲೇ ಇದ್ದ ಧಾರವಾಡದ ಹಿರಿಯರು. ರಕ್ಷಣಾ ಇಲಾಖೆಯ ಕಂಪ್ಯೂಟರುಗಳ ನಡುವೆ ತಲೆ ಬೆಳ್ಳಗೆ ಮಾಡಿಕೊಂಡವರು.

"ದೊಡ್ಡ ಮಷೀನ್ ಏನೂ ಬ್ಯಾಡ್ರಿ," ಎಂದರು. "ಎರಡು ಹಾರ್ಡ್ ಡಿಸ್ಕ್ ತಗೋರಿ. ಒಂದು ಆಫೀಸಿನಾಗ ಇರ್ಲಿ, ಒಂದು ಮನಿಯಾಗ. ಶನಿವಾರಕ್ಕೊಮ್ಮೆ ಅದಲಿ ಬದಲಿ ಮಾಡ್ರಿ. ಸರ್ವರು, ಈ ಎರಡು ಡಿಸ್ಕು, ಮೂರೂ ಒಂದ ಮಾಳಿಗಿ ಕೆಳಗ ಎಂದೂ ಇರಬಾರದು. ಅಷ್ಟು ನೆನಪಿಡ್ರಿ ಸಾಕು."

ಪುಕ್ಕಟೆ ಸಿಗುವ ಒಂದು ಪ್ರೋಗ್ರಾಮನ್ನೂ ಹಾಕಿಕೊಟ್ಟರು. ದಿನಾ ಸಂಜೆ ಶೆಡ್ಡಿನ ಬಾಗಿಲು ಹಾಕುವ ಮೊದಲು, ಅವತ್ತು ಬದಲಾದದ್ದನ್ನು ಅದು ತಾನಾಗಿಯೇ ಡಿಸ್ಕಿಗೆ ಇಳಿಸುತ್ತಿತ್ತು. ಶನಿವಾರ ಆ ಡಿಸ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಬಸ್ಸಿನ ನೂಕುನುಗ್ಗಲಲ್ಲಿ ಎದೆಗವಚಿಕೊಂಡು ಮನೆಗೆ ತರುತ್ತಿದ್ದೆ. ಒಳಗೆ ಬಂಗಾರವಿದೆ ಎಂದೇ ಕಂಡಕ್ಟರು ತಿಳಿದಿರಬೇಕು.

ಮಹಾನವಮಿಗೆ ಅತ್ತೆ ವಿಜಾಪುರದಿಂದ ಬಂದರು. ಕಾಚಿಗೂಡ ಸ್ಟೇಷನ್ನಿಗೆ ಹೋಗಿ ಕರೆತಂದೆ. ಮಗನ ಸೊಟ್ಟ ಬಾಯಿ ನೋಡಿ ಒಂದು ದಿನವಿಡೀ ಅತ್ತರು. ಮರುದಿನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಖಂಡೇಪೂಜೆಯ ತಯಾರಿಗೆ ನಿಂತರು. ನಮ್ಮ ಕಡೆ ಖಂಡೇಪೂಜೆ ಎಂದರೆ ಅನ್ನ ಕೊಡುವ ಹತಾರಗಳ ಪೂಜೆ. ಕುಡುಗೋಲಿನಿಂದ ತಕ್ಕಡಿಯ ತನಕ ಒಂದನ್ನೂ ಬಿಡದೆ ಒಂದೆಡೆ ಕೂಡಿಸಿ, ಕುಂಕುಮವಿಟ್ಟು ದೀಪ ಹಚ್ಚಬೇಕು. ಮರುದಿನ ಬನ್ನಿ ಹಂಚುವ ಹೊತ್ತಿನ ತನಕ ಯಾವುದನ್ನೂ ಮುಟ್ಟಬಾರದು.

"ನೀ ವಾರಾ ವಾರಾ ಹೊತ್ತು ತರ್ತೀಯಲ್ಲ, ಆ ಪೆಟಿಗಿ ಎಲ್ಲಿ?" ಎಂದರು ಅತ್ತೆ.

"ಅದು ಮನಿಯಾಗ ಇರಬೇಕ್ರಿ ಅತ್ತಿ."

"ಯಾಕ, ಅದು ಹತಾರ ಅಲ್ಲೇನು? ಎಲ್ಲಾರಿಗೂ ಎಲಿ ಹಾಕಿ ಒಬ್ಬನ್ನ ಹೊರಗ ನಿಂದ್ರಸ್ತಾರೇನು? ನೋಡವಾ, ನನ್ನ ಮಗ ಹಾಸಿಗಿ ಹಿಡದಾನ. ಈ ವರ್ಷ ಪೂಜಿಯೊಳಗ ಒಂದೂ ಕಡಿಮಿ ಆಗೂದು ಬ್ಯಾಡ."

ನಾನೂ ಅದೇ ಸೀಮೆಯ ಜೋಳದ ರೊಟ್ಟಿ ತಿಂದು ಬೆಳೆದವಳು. ಹೆತ್ತ ತಾಯಿ ಮಗನಿಗಾಗಿ ಕೇಳುತ್ತಿರುವಾಗ ಧಾರವಾಡದ ಹಿರಿಯರ ಲೆಕ್ಕ ಹೇಳಲು ನಾಲಿಗೆ ಏಳಲಿಲ್ಲ. ಮನೆಯಲ್ಲಿದ್ದ ಡಿಸ್ಕನ್ನೂ ಶೆಡ್ಡಿಗೆ ಒಯ್ದು, ಸರ್ವರಿನ ಮುಂದೆ ಮಣೆ ಹಾಕಿ, ವೀಳ್ಯದೆಲೆಯ ಮೇಲೆ ಎರಡೂ ಡಿಸ್ಕುಗಳನ್ನು ಜೋಡಿಸಿ, ಸೇವಂತಿಗೆ ಹೂವು ಏರಿಸಿದೆವು. ಅತ್ತೆ ಹಿತ್ತಾಳೆಯ ದೀಪಕ್ಕೆ ಎಣ್ಣೆ ತುಂಬಿ, ಆರದಂತೆ ಬತ್ತಿ ದಪ್ಪ ಮಾಡಿದರು. ಕೆಲಸಗಾರರಿಗೆ ಪೇಡೆ ಹಂಚಿ, ಬೀಗ ಹಾಕಿಕೊಂಡು ಬಂದೆವು.

ದಸರೆಯ ಬೆಳಗ್ಗೆ ಪಕ್ಕದ ಶೆಡ್ಡಿನ ವಾಚ್‌ಮನ್ ಫೋನು ಮಾಡಿದ. "ಮೇಡಂ, ಜಲ್ದಿ ಆವೋ! ಆಫೀಸ್ ಪೂರಾ ಜಲ್ ಗಯಾ!"

ಹೋಗಿ ನೋಡಿದರೆ ಲೇತುಗಳಿಗೆ ಏನೂ ಆಗಿರಲಿಲ್ಲ. ಅವುಗಳ ಮೇಲಿನ ಹೂವು ಕೂಡ ಬಾಡದೆ ಕೂತಿತ್ತು. ಗಾಜಿನ ಕೋಣೆ ಮಾತ್ರ ಒಲೆಯ ಒಳಮೈಯ ಹಾಗೆ ಕಪ್ಪಾಗಿತ್ತು. ಇಲಿ ಎಣ್ಣೆಯ ಬತ್ತಿಯನ್ನು ಎಳೆದುಕೊಂಡು ಹೋಗಿರಬೇಕು ಎಂದರು ಬೆಂಕಿ ಆರಿಸಿದವರು. ಬೀರುವಿನಲ್ಲಿದ್ದ ಕಾಗದದ ಪ್ರತಿಗಳು ಬೂದಿ. ಸರ್ವರ್ ಸುಟ್ಟ ಡಬ್ಬಿ. ಎರಡು ಡಿಸ್ಕುಗಳೂ ಕರಗಿ ಒಂದಕ್ಕೊಂದು ಅಂಟಿಕೊಂಡಿದ್ದವು. ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತೆ. ಇಲಿಯನ್ನು ಬೈದೆ, ದೀಪವನ್ನು ಬೈದೆ, ಪೂಜೆ ಮಾಡಿಸಿಕೊಂಡ ದೇವಿಯನ್ನೂ ಬಿಡಲಿಲ್ಲ. ಅತ್ತೆಯನ್ನು ಮಾತ್ರ ಮನಸ್ಸಿನಲ್ಲೇ ಬೈದೆ.

ಸುಟ್ಟ ಡಿಸ್ಕಿನಿಂದಲೂ ಏನಾದರೂ ತೆಗೆಯುವವರಿದ್ದಾರೆ ಎಂದು ಯಾರೋ ಹೇಳಿದರು. ಅದೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬೇಗಂಪೇಟೆಗೆ ಓಡಿದೆ. ಅಂಗಡಿಯವನು ಬಿಚ್ಚಿ ನೋಡಿ, ಒಳಗಿನ ತಟ್ಟೆಗಳು ಬಾಗಿದ್ದನ್ನು ತೋರಿಸಿ, "ಲಾಭಂ ಲೇದು ಮೇಡಂ," ಏನೂ ಪ್ರಯೋಜನವಿಲ್ಲ ಎಂದ. ಇನ್ನೊಬ್ಬನ ಹತ್ತಿರ ಹೋದೆ. ಅವನು ಬಿಚ್ಚುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ನಮ್ಮಿಂದ ಅಚ್ಚು ಮಾಡಿಸಿಕೊಂಡಿದ್ದ ಕಾರ್ಖಾನೆಗಳಿಗೆ ಅಲೆದು, ನಮ್ಮ ಹಳೆಯ ಅಚ್ಚುಗಳನ್ನು ಒಂದೆರಡು ದಿನ ಕೊಡಿ, ಅಳತೆ ತೆಗೆದುಕೊಂಡು ತಂದುಕೊಡುತ್ತೇವೆ ಎಂದು ಕೈ ಮುಗಿದೆ. ಓಡುವ ಮಷೀನನ್ನು ನಿಲ್ಲಿಸಿ ಅಚ್ಚು ಬಿಚ್ಚಿಕೊಡುವವರು ಯಾರು? ನಮ್ಮ ಕೈಯಲ್ಲಿದ್ದ ಆರ್ಡರಿನ ಗಡುವು ಹತ್ತಿರ ಬರುತ್ತಿತ್ತು. ಕೆಲಸಗಾರರು ಬೆಳಗ್ಗೆ ಬಂದು ಲೇತು ಒರೆಸಿ, ನನ್ನ ಮುಖ ನೋಡಿ, ಸಂಜೆ ಹೋಗುತ್ತಿದ್ದರು.

ಮನೆಯಲ್ಲಿ ಇದಕ್ಕಿಂತ ಕಷ್ಟ. ಗಂಡನ ಮನಸ್ಸಿಗೆ ಆಘಾತವಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ನಾನು ಬೆಂಕಿಯ ಸುದ್ದಿ ಹೇಳಿರಲಿಲ್ಲ. ನಾನು ಚಪ್ಪಲಿ ಬಿಡುವ ಸದ್ದಿಗೇ ಅವರು ಕಷ್ಟಪಟ್ಟು ಕೇಳುತ್ತಿದ್ದರು, "ಶೆಡ್ಡು... ಛಲೋ?"

"ಛಲೋ ನಡದೈತ್ರಿ," ಎನ್ನುತ್ತಿದ್ದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅಳುತ್ತಿದ್ದೆ.

ಅತ್ತೆ ಊಟ ಬಿಟ್ಟಿದ್ದರು. ಅಡುಗೆಮನೆಯ ಮೂಲೆಯಲ್ಲಿ ಕೂತು, "ನನ್ನ ಕೈಗಿಷ್ಟು ಬೆಂಕಿ ಬೀಳ್ಲಿ," ಎಂದು ಮತ್ತೆ ಮತ್ತೆ ಗೊಣಗುತ್ತಿದ್ದರು.

"ಬಿದ್ದ ಬೆಂಕಿನ ಸಾಕ್ರಿ ಅತ್ತಿ," ಎಂದು ಒಮ್ಮೆ ಸಿಡುಕಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆಗ ಆ ಬುದ್ಧಿಯಿಂದ ಯಾರಿಗೂ ಏನೂ ಆಗುವಂತಿರಲಿಲ್ಲ.

ಗಡುವಿನ ಹಿಂದಿನ ಮಧ್ಯಾಹ್ನ ಇನ್ನು ನನ್ನ ಕೈಲಾಗದು ಎನಿಸಿತು. ಆರ್ಡರ್ ಬಿಟ್ಟುಕೊಟ್ಟರೆ ಕಾರ್ಖಾನೆಯವರು ನಮ್ಮ ಹೆಸರನ್ನು ಕೈಬಿಡುತ್ತಾರೆ, ಶೆಡ್ಡು ಮುಚ್ಚಲೇಬೇಕು. ಅದನ್ನು ಗಂಡನಿಗೆ ತಿಳಿಸದೆ ಮಾಡುವುದು ಹೇಗೆ? ಹಾಸಿಗೆಯ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಒಂದೂ ಉಳಿದಿಲ್ಲ, ನೀವು ಎಳೆದ ಒಂದು ಗೆರೆಯೂ ಉಳಿದಿಲ್ಲ ಎಂದೆ. ಹೇಳಿ ಮುಗಿಸಿ, ಅವರ ಉಸಿರು ಏರುತ್ತದೋ ಏನೋ ಎಂದು ಹೆದರಿ ಎದೆಯನ್ನೇ ನೋಡುತ್ತಿದ್ದೆ.

ಅವರು ಸ್ವಾಧೀನವಿದ್ದ ಕೈಯಿಂದ ನನ್ನ ಮಣಿಕಟ್ಟು ಹಿಡಿದರು.

"ನನಗ... ತಿಳಿಯೂದಿಲ್ಲ."

"ಏನು ತಿಳಿಯೂದಿಲ್ರಿ?"

"ಡ್ರಾಯಿಂಗು. ಗೆರಿ... ಕಾಣತಾವ. ಏನಂತ... ತಿಳಿಯೂದಿಲ್ಲ. ಜಡ್ಡು ಬಂದಾಗಿಂದ."

ತಿಂಗಳಿಗೊಮ್ಮೆ ನಾನು ಡಿಸ್ಕಿನಲ್ಲಿನ ಒಂದು ಡ್ರಾಯಿಂಗನ್ನು ಮನೆಯ ಕಂಪ್ಯೂಟರಿನಲ್ಲಿ ತೆರೆದು, ನಕಲು ಸರಿಯಾಗಿ ಇಳಿದಿದೆಯೇ ಎಂದು ಅವರಿಗೇ ತೋರಿಸಿ ಕೇಳುತ್ತಿದ್ದೆ. ಪ್ರತಿ ಸಲವೂ ಸರಿ ಎಂದು ತಲೆಯಾಡಿಸಿದ್ದರು. ಯಾರು ಬಂದು ಕೂರುವ ತನಕ ನಾನು ಶೆಡ್ಡನ್ನು ಕಾಯುತ್ತಿದ್ದೆನೋ ಆ ಮನುಷ್ಯ ಇನ್ನು ಬರುವುದಿಲ್ಲ ಎಂಬುದು ಅವರಿಗೆ ಎಂದೋ ಗೊತ್ತಿತ್ತು.

"ಮೊದಲ ಯಾಕ ಹೇಳಲಿಲ್ರಿ ನನಗ?" ಸಿಟ್ಟಿಗೋ ದುಃಖಕ್ಕೋ ನನ್ನ ದನಿ ಏರಿತು. ಅಡುಗೆಮನೆಯಲ್ಲಿದ್ದ ಅತ್ತೆ ಗಾಬರಿಯಾಗಿ ಬಾಗಿಲಿಗೆ ಬಂದರು.

ಅವರು ತಾಯಿಯ ಕಡೆ ನೋಡಲಿಲ್ಲ. ಒಂದೊಂದೇ ಮಾತನ್ನು ಹುಡುಕಿ ತೆಗೆದು ಹೇಳಿದರು.

"ನೀ... ನನ್ನ ಸಲುವಾಗಿ... ಅಷ್ಟು ಜ್ವಾಪಾನ ಮಾಡಾಕತ್ತಿದ್ದಿ. ಹೆಂಗ ಹೇಳ್ಲಿ?"