ಬಿಳಿ ಚಿಪ್ಪಿನ ಹಾಲು

ನೊಝಿಬೇಲೆ ಪಟ್ಟ ಪಾಡು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪಕ್ಕದ ಮನೆಯವಳು, ಕೆಂಟಾನಿ ಕಡಲತೀರದ ಒಂದೇ ಬಂಡೆಯ ಮೇಲೆ ಇಬ್ಬರೂ ಕಪ್ಪೆಚಿಪ್ಪು ಕಿತ್ತವರು. ಅತ್ತೆಯ ಎದುರು ಅವಳು ದನಿ ಎತ್ತಿದ್ದನ್ನು ನಾನಂತೂ ಕೇಳಿರಲಿಲ್ಲ. ಮಾವನ ಹೆಸರಿನ ಸದ್ದು ಬರುವ ಪದವನ್ನು ಕೂಡ ಬಾಯಿಗೆ ತರುತ್ತಿರಲಿಲ್ಲ. ನಮ್ಮ ಕೊಸಾ ಜನರ ಮನೆಗಳಲ್ಲಿ ಸೊಸೆಯಾದವಳು ಇರುವುದೇ ಹಾಗೆ.

ಅವಳ ಅತ್ತೆ ಮಾದ್ಲೊಮೊಗೆ ಒಂದು ನಂಬಿಕೆ. ಬೇಯಿಸಿ ಬಿಡಿಸಿದಾಗ ಕೆಲವು ಚಿಪ್ಪಿನ ಮಾಂಸ ಕಿತ್ತಳೆ ಬಣ್ಣ, ಕೆಲವು ಕೆನೆಬಿಳಿ. ಬಿಳಿಯದರಲ್ಲಿ ಹಾಲಿದೆ, ಅದು ಬಾಣಂತಿಯ ಪಾಲು ಎಂದು ಬೇರೆ ಬಟ್ಟಲಿಗೆ ಹಾಕುತ್ತಿದ್ದಳು. ನೊಝಿಬೇಲೆಯ ಚೊಚ್ಚಲ ಕೂಸು ಎದೆಹಾಲಿಲ್ಲದೆ ತೀರಿಹೋದಾಗ, ಇವಳೇ ಬಿಳಿಯದನ್ನು ಕದ್ದು ಗಂಡನಿಗೆ ಬಡಿಸಿದಳು, ಅದಕ್ಕೇ ಹೀಗಾಯಿತು ಎಂದು ಮುದುಕಿ ಮನೆಮನೆಗೆ ಹೇಳಿಕೊಂಡು ಬಂದಳು. ನೊಝಿಬೇಲೆ ಅದನ್ನೂ ನುಂಗಿಕೊಂಡಳು. ಆಮೇಲೆ ಹುಟ್ಟಿದ ಮಗ ಬೆಳೆದು ಮದುವೆಯಾಗಿ, ಹೋದ ವರ್ಷ ಅವನ ಹೆಂಡತಿ ಯಾಂಡಿಸ್ವ ಹೆತ್ತಳು. ಅವಳಿಗೂ ಹಾಲು ಇಳಿಯಲಿಲ್ಲ. ಕೂಸಿಗೆ ಅಳುವ ತ್ರಾಣವೂ ಹೋಗುತ್ತಿತ್ತು. ಕ್ಲಿನಿಕ್‌ಗೆ ಒಯ್ಯೋಣ ಎಂದರೆ, ಮೊದಲು ಬಟ್ಟಲು ಖಾಲಿ ಮಾಡಲಿ ಎಂದು ಮುದುಕಿ ಹಟ ಹಿಡಿದಿದ್ದಳು.

ತೀರದ ಸಂಶೋಧನಾ ಕೇಂದ್ರದಲ್ಲಿ ನಮಗಿಬ್ಬರಿಗೂ ಚಿಪ್ಪು ತೊಳೆಯುವ ಕೆಲಸ. ಆ ಬೆಳಿಗ್ಗೆ ಅಲ್ಲಿಯ ಸಂಶೋಧಕಿ ಫುಮ್ಲ ಚಿಪ್ಪು ಸೀಳುತ್ತಿದ್ದಳು. ಹಾಲಿರುವ ಬಿಳಿಯವನ್ನು ನಮ್ಮ ಬಾಣಂತಿಗೆ ಎತ್ತಿಡು ಎಂದು ನೊಝಿಬೇಲೆ ಕೇಳಿದಳು.

"ಅಮ್ಮಾ, ಅದು ಹಾಲಲ್ಲ. ಬಿಳಿಯವೆಲ್ಲ ಗಂಡು. ಅದು ಗಂಡಿನ ಬೀಜ," ಎಂದು ಹುಡುಗಿ ಅವಳನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು.

ನಾನೂ ಇಣುಕಿದೆ. ಅಯ್ಯೋ ದೇವರೇ, ಆ ಬಿಳಿ ನೀರಿನ ತುಂಬ ಬಾಲದ ಚುಕ್ಕಿಗಳು ಗಿಜಿಗಿಜಿ ಈಜುತ್ತಿದ್ದವು. ಗೋಡೆಯ ಮೇಲೆ ಒಂದೇ ಬೀಜವನ್ನು ಆಳೆತ್ತರಕ್ಕೆ ಹಿಗ್ಗಿಸಿದ ಚಿತ್ರವಿತ್ತು. ಮೊಟ್ಟೆಯ ಪೊರೆ ಕೊರೆಯಲು ತಲೆಯ ತುದಿಗೊಂದು ಟೊಪ್ಪಿ, ಈಜಲು ಕಸುವು ಕೊಡಲು ಹಿಂದೆ ಐದು ಗುಂಡುಗಳು, ಆಮೇಲೆ ಬಾಲ. ಬೀಜವನ್ನು ಕಡಲಿಗೇ ಚೆಲ್ಲುವ ಜೀವಿಗಳಲ್ಲಿ ಈ ಸರಳ ಕಟ್ಟು ಕೋಟ್ಯಂತರ ವರ್ಷಗಳಿಂದ ಹೆಚ್ಚು ಬದಲಾಗಿಲ್ಲವಂತೆ. ಟೊಪ್ಪಿಯ ಆಕಾರ ಮಾತ್ರ ಜಾತಿಗೊಂದು. ಅದನ್ನು ಹೋಲಿಸಿ ಯಾವ ಚಿಪ್ಪು ಯಾವುದಕ್ಕೆ ದಾಯಾದಿ ಎಂದು ಗುರುತಿಸುತ್ತಾರಂತೆ. ಫುಮ್ಲ ಹೇಳುತ್ತಲೇ ಇದ್ದಳು. ನೊಝಿಬೇಲೆಯ ಮುಖ ಬಿಳಿಚಿಕೊಂಡಿತ್ತು.

"ಹಾಲು ಒಂದು ತೊಟ್ಟೂ ಇಲ್ವಾ?"

"ಇಲ್ಲಮ್ಮಾ. ಯಾವತ್ತೂ ಇರ್ಲಿಲ್ಲ."

ಕೈ ಕೂಡ ಒರೆಸಿಕೊಳ್ಳದೆ ಓಡಿದಳು. ಏದುಸಿರು ಬಿಡುತ್ತ ಹಿಂದೆ ನಾನು. ಮುದುಕಿ ಯಾಂಡಿಸ್ವಳ ಬಾಯಿಗೆ ಬಟ್ಟಲು ಹಿಡಿದು ಕೂತಿದ್ದಳು. ನೊಝಿಬೇಲೆ ಅದನ್ನು ಕಿತ್ತು ಅಂಗಳಕ್ಕೆ ಎಸೆದು, ಅದು ಗಂಡಿನ ಬೀಜ ಎಂದು ಇಡೀ ಗುಡ್ಡಕ್ಕೆ ಕೇಳುವಂತೆ ಕಿರುಚಿದಳು. ಅಂಥ ಮಾತು, ಅದೂ ಅತ್ತೆಯ ಎದುರು! ನಾನು ಬಿದ್ದ ಬಟ್ಟಲು ಎತ್ತುವಷ್ಟರಲ್ಲಿ ಅವಳು ಕೂಸನ್ನು ಬೆನ್ನಿಗೆ ಕಟ್ಟಿ, ಸೊಸೆಯ ಕೈ ಹಿಡಿದು ಕ್ಲಿನಿಕ್ ದಾರಿ ಹಿಡಿದಾಗಿತ್ತು. ಇನ್ನಷ್ಟು ತಡವಾಗಿದ್ದರೆ ಕೂಸು ದಕ್ಕುತ್ತಿರಲಿಲ್ಲ ಎಂದು ನರ್ಸ್ ಚೆನ್ನಾಗಿ ಬೈದು, ಡಬ್ಬದ ಹಾಲು ಕಲಸಿ ಕುಡಿಸಿದಳು. ಕೂಸು ಉಳಿಯಿತು.

ತಾಯಿ ಮಗುವನ್ನು ಅಲ್ಲೇ ಬಿಟ್ಟು ನಾನೂ ನೊಝಿಬೇಲೆಯೂ ಸಂಜೆ ಮರಳಿದೆವು. ಮುದುಕಿ ಗೋಡೆಗೊರಗಿ ಕೂತಿದ್ದಳು. ಕೂಸಿಗೆ ಹೇಗಿದೆ ಎಂದು ಕೇಳಿ ತಿಳಿದುಕೊಂಡಳು. ಆಮೇಲೆ ನೊಝಿಬೇಲೆಯ ಕಡೆ ತಿರುಗಿದಳು.

"ಹಾಗಾದ್ರೆ ನಿನ್ನ ಮೊದಲ್ನೇ ಕೂಸು ಯಾಕೆ ಸತ್ತಿತು?"

"ಹಸಿದು, ಅತ್ತೆ. ನಾವು ಬಟ್ಟಲು ತುಂಬ್ತಾ ಕೂತಿದ್ವಿ."