ಅಂಜನಮ್ಮ ಹೂ ಮುಡಿದ ಮೇಲೆ ತೆರೆಯುವ ಬಾಗಿಲು

ಬೆಳಗಿನ ಆರು ಗಂಟೆ. ರಾಜಾಜಿನಗರದ ಖಾಸಗಿ ಕಾಲೇಜೊಂದರ ಹಿಂದಿನ ರಸ್ತೆಯಲ್ಲಿ ಗಂಡ ಹೆಂಡತಿ ನಡೆದು ಬರುತ್ತಿದ್ದಾರೆ. ಮುಂದಿರುವವರು ಬೆಟ್ಟಯ್ಯ, ರಸಾಯನಶಾಸ್ತ್ರದ ಪ್ರಯೋಗಶಾಲೆಯ ಅಟೆಂಡರ್. ಮೈಮೇಲೆ ಖಾಕಿ ಅಂಗಿ, ಕೈಯಲ್ಲಿ ಬೀಗದ ಕೈಗಳ ಗೊಂಚಲು. ಹಿಂದಿರುವವರು ಅವರ ಹೆಂಡತಿ ಅಂಜನಮ್ಮ, ಹೂವಾಡಗಿತ್ತಿ. ಸಿಟಿ ಮಾರ್ಕೆಟ್ಟಿನಿಂದ ಮೊದಲ ಬಸ್ಸಿಗೆ ತಂದ ಮಲ್ಲಿಗೆಯ ಬುಟ್ಟಿ ಸೊಂಟದ ಮೇಲಿದೆ. ಬುಟ್ಟಿಯ ತುಂಬ ಹೂವಿದ್ದರೂ ಆಕೆಯ ತುರುಬು ಬರಿದಾಗಿದೆ.

ಗೇಟಿನ ಬಳಿ ಒಂದು ಹೊಂಗೆ ಮರ. ಅಂಜನಮ್ಮ ಬುಟ್ಟಿಯನ್ನು ಅದರ ಬುಡದಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ನಲ್ಲಿಯಲ್ಲಿ ಮೊಣಕೈವರೆಗೆ ಕೈ ತೊಳೆಯುತ್ತಾರೆ. ಬೆರಳಿಗೆ ಹತ್ತಿದ ಹೂವಿನ ಗಂಧ ಹೋಗಬೇಕು. ಅನಂತರ ಅಂಗಳ ದಾಟಿ ದಾಸ್ತಾನು ಕೋಣೆಯ ಮುಂದೆ ಬರುತ್ತಾರೆ. ಆಸಿಡ್ಡು, ಅಮೋನಿಯಾ, ಈಥರ್ ಮೊದಲಾದವುಗಳ ಬಾಟಲಿಗಳು ರಾತ್ರಿಯಿಡೀ ಮುಚ್ಚಿದ ಬಾಗಿಲ ಹಿಂದೆ ಇರುವ ಕೋಣೆ ಅದು. ಬೆಟ್ಟಯ್ಯ ಬೀಗ ತೆಗೆದು, ಬಾಗಿಲನ್ನು ಒಂದು ಗೇಣು ಸರಿಸಿ, ಪಕ್ಕಕ್ಕೆ ನಿಲ್ಲುತ್ತಾರೆ. ಅಂಜನಮ್ಮ ಹೊಸ್ತಿಲು ದಾಟುವುದಿಲ್ಲ. ಸಂದಿಗೆ ಮುಖವನ್ನೂ ಒಡ್ಡುವುದಿಲ್ಲ. ದೂರದಲ್ಲಿ ನಿಂತು, ಅಂಗೈಯಿಂದ ಗಾಳಿಯನ್ನು ತಮ್ಮ ಕಡೆಗೆ ಮೆಲ್ಲನೆ ಬೀಸಿಕೊಂಡು ಕಣ್ಣು ಮುಚ್ಚುತ್ತಾರೆ. ಬೆಟ್ಟಯ್ಯ ಕೋಣೆಯ ಕಡೆ ನೋಡುವುದಿಲ್ಲ. ಹೆಂಡತಿಯ ಮುಖವನ್ನು ನೋಡುತ್ತಾರೆ.

ಆಕೆ ಮರದ ಬಳಿಗೆ ಹಿಂದಿರುಗಿ, ಕಟ್ಟಿದ ಮಲ್ಲಿಗೆಯಲ್ಲಿ ಒಂದು ತುಂಡು ಕತ್ತರಿಸಿ ತುರುಬಿಗೆ ಸಿಕ್ಕಿಸಿಕೊಳ್ಳುತ್ತಾರೆ. ಅದನ್ನು ಕಂಡ ಮೇಲೆ ಬೆಟ್ಟಯ್ಯ ಬಾಗಿಲನ್ನು ಪೂರ್ತಿ ತೆರೆಯುತ್ತಾರೆ. ಆಕೆ ಮುಡಿಯದಿದ್ದರೆ ಒಳಗೆ ಕಾಲಿಡುವುದಿಲ್ಲ. ಸುತ್ತಿ ಹೋಗಿ ಹೊರಗಿನಿಂದಲೇ ಕಿಟಕಿಗಳನ್ನು ತೆರೆದು, ಉಪನ್ಯಾಸಕರು ಬರುವವರೆಗೆ ಮರದ ಕೆಳಗೆ ಕುಳಿತಿರುತ್ತಾರೆ. ಬೆಟ್ಟಯ್ಯನವರಿಗೆ ಈಗ ಮೂರು ವರ್ಷಗಳಿಂದ ಯಾವ ವಾಸನೆಯೂ ತಿಳಿಯುವುದಿಲ್ಲ.

ಈ ಏರ್ಪಾಡು ಇನ್ನು ಉಳಿಯುವ ಹಾಗಿಲ್ಲ. ಜೂನ್ ತಿಂಗಳಿಗೆ ಕಾಲೇಜಿನ ವಿಜ್ಞಾನ ವಿಭಾಗ ಕೆಂಗೇರಿಯ ಆಚೆ ಕಟ್ಟಿರುವ ಹೊಸ ಕಟ್ಟಡಕ್ಕೆ ಹೋಗುತ್ತದೆ. ಅಲ್ಲಿಗೆ ಎರಡು ಬಸ್ಸು ಬದಲಿಸಬೇಕು. ಅಂಜನಮ್ಮನವರ ಹೂವಿನ ಜಾಗ ಇರುವುದು ಇಲ್ಲಿಯ ಬಸ್ ನಿಲ್ದಾಣದ ಮೂಲೆಯಲ್ಲಿ; ಮುಂಜಾನೆ ತಪ್ಪಿದರೆ ಆ ದಿನದ ವ್ಯಾಪಾರವೇ ತಪ್ಪಿದಂತೆ. ಬೆಟ್ಟಯ್ಯನವರು ಒಬ್ಬರೇ ಪ್ರಯೋಗಶಾಲೆಯ ಜೊತೆ ಹೋಗಬೇಕು, ಇಲ್ಲವೇ ಇಲ್ಲೇ ಉಳಿಯುವ ಕಲಾ ವಿಭಾಗದಲ್ಲಿ ಗಂಟೆ ಹೊಡೆಯುವ ಕೆಲಸ ಒಪ್ಪಿಕೊಳ್ಳಬೇಕು. ಸಂಬಳ ಎರಡಕ್ಕೂ ಒಂದೇ. ಮೇ ತಿಂಗಳು ಮುಗಿಯುವುದರೊಳಗೆ ಉತ್ತರ ಹೇಳುವಂತೆ ಪ್ರಿನ್ಸಿಪಾಲರು ತಿಳಿಸಿದ್ದಾರೆ.

ಹೊರಗಿನವರಿಗೆ ಇದು ಸುಲಭದ ಆಯ್ಕೆಯಾಗಿ ಕಾಣಬಹುದು. ಆದರೆ ಬೆಟ್ಟಯ್ಯ ಈ ಪ್ರಯೋಗಶಾಲೆಗೆ ಬಂದದ್ದು ಅದರ ಗೋಡೆಗೆ ಮೊದಲ ಸುಣ್ಣ ಬಳಿದ ವರ್ಷ. ಕಸ ಗುಡಿಸಲು ಸೇರಿದವರು ಗಾಜು ತೊಳೆಯಲು ಕಲಿತರು, ದ್ರಾವಣ ಅಳೆಯಲು ಕಲಿತರು. ಅವರಿಗೆ ಹೆಸರು ತಂದುಕೊಟ್ಟದ್ದು ಮಾತ್ರ ಅವರ ಮೂಗು. ಆಸಿಡ್ಡಿನ ಹಬೆಗೆ ಬಾಟಲಿಗಳ ಮೇಲಿನ ಲೇಬಲ್ಲುಗಳು ತಿಂಗಳೊಪ್ಪತ್ತಿನಲ್ಲಿ ಕರಗಿ ಉದುರುತ್ತಿದ್ದವು. ಹೆಸರಿಲ್ಲದ ಬಾಟಲಿ ಕಂಡರೆ ಎಲ್ಲರೂ ಅದನ್ನು ಬೆಟ್ಟಯ್ಯನವರ ಕೈಗೆ ಕೊಡುತ್ತಿದ್ದರು. ಅವರು ಬಿರಡೆ ತೆಗೆದು ಒಮ್ಮೆ ಮೂಸಿ ಹೆಸರು ಹೇಳುತ್ತಿದ್ದರು. ಅದು ತಪ್ಪಾದದ್ದು ಯಾರಿಗೂ ನೆನಪಿಲ್ಲ. ಹುಡುಗರು ಅವರನ್ನು ಮೂಗಯ್ಯ ಎಂದು ಕರೆಯುತ್ತಿದ್ದರು. ಮುಚ್ಚಿದ ಊಟದ ಡಬ್ಬಿಯನ್ನು ಮುಂದೆ ಹಿಡಿದು ಪರೀಕ್ಷಿಸುತ್ತಿದ್ದರು.

ನಮ್ಮೊಡನೆ ಆ ಮಾತು ಬಂದಾಗ ಬೆಟ್ಟಯ್ಯನವರ ಮುಖ ಸ್ವಲ್ಪ ಅರಳುತ್ತದೆ. “ಒಬ್ಬ ಹುಡುಗ ಡಬ್ಬಿ ತಂದು, ಏನಿದೆ ಹೇಳಿ ಮೂಗಯ್ಯ ಅಂದ. ಏನಿದ್ಯೋ ಆಮೇಲೆ ಹೇಳ್ತೀನಿ, ನಿಮ್ಮನೇಲಿ ಇವತ್ತು ಒಗ್ಗರಣೆ ಸೀದಿದೆ ಕಣಪ್ಪ ಅಂದೆ. ಮಾರನೇ ದಿನ ಬಂದು, ನಮ್ಮಮ್ಮ ನಿಮ್ಮನ್ನ ಬೈದ್ರು ಅಂದ.”

ಮೂಗನ್ನೇ ಲೇಬಲ್ಲಾಗಿ ಬಳಸಿದ್ದು ತಪ್ಪು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಅದು ಅವರಿಗೂ ಹೆಮ್ಮೆ, ಕಾಲೇಜಿಗೂ ಅನುಕೂಲ. ೧೯೮೩ರ ಏಪ್ರಿಲ್‌ನಲ್ಲಿ, ಪ್ರಾಯೋಗಿಕ ಪರೀಕ್ಷೆಯ ಒಂದು ಮಧ್ಯಾಹ್ನ, ಪಡುವಣ ಕಿಟಕಿಯ ಬಿಸಿಲಿನಲ್ಲಿ ಒಂದು ಬಾಟಲಿ ಇತ್ತು. ಅದರ ಮೇಲೆ ಹೆಸರಿರಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಕಾಯುತ್ತಿದ್ದರು. ಬೆಟ್ಟಯ್ಯ ಎಂದಿನಂತೆ ಬಾಟಲಿಯನ್ನು ಎದೆಗವಚಿ ಬಿರಡೆ ತಿರುಗಿಸಿ ಮೂಗಿನ ಬಳಿ ತಂದರು. ಒಳಗಿದ್ದದ್ದು ತೀಕ್ಷ್ಣವಾದ ಅಮೋನಿಯಾ. ಬಿಸಿಲಿಗೆ ಕಾದು ಒಳಗೇ ಒತ್ತಿಕೊಂಡಿದ್ದ ಗಾಳಿ ಬಿರಡೆ ಸಡಿಲವಾದೊಡನೆ ಅವರ ಮುಖಕ್ಕೆ ರಾಚಿತು.

ಆಗ ಅಲ್ಲಿದ್ದವರು ಉಪನ್ಯಾಸಕ ಚನ್ನಕೇಶವ. ಈಗಲೂ ಪ್ರಯೋಗಶಾಲೆಯ ಹೊಣೆ ಅವರದೇ. ಅವರು ಬೆಟ್ಟಯ್ಯನವರನ್ನು ನಲ್ಲಿಯ ಬಳಿಗೆ ಎಳೆದೊಯ್ದು, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ಹರಿಯುವ ನೀರಿಗೆ ಕಣ್ಣೊಡ್ಡಿಸಿದರು. ಉರಿ, ಬಿಡಿ ಎಂದು ಬೆಟ್ಟಯ್ಯ ಎಷ್ಟು ಬೇಡಿದರೂ ಬಿಡಲಿಲ್ಲ. ಯಾರೋ ಒಳ್ಳೆಯ ಮನಸ್ಸಿನಿಂದಲೇ ಕ್ಯಾಂಟೀನಿಗೆ ಓಡಿ ನಿಂಬೆಹಣ್ಣು ತಂದರು. ಕ್ಷಾರಕ್ಕೆ ಹುಳಿ ಬಿಟ್ಟರೆ ಸರಿಹೋಗುತ್ತದೆಂಬುದು ಅವರ ಲೆಕ್ಕ. ಪುಸ್ತಕದ ಆ ಲೆಕ್ಕ ಕಣ್ಣಿಗೆ ಹೊಂದುವುದಿಲ್ಲ. ನೀರೊಂದನ್ನು ಬಿಟ್ಟು ಮತ್ತೇನನ್ನೂ ಹತ್ತಿರ ತರಬೇಡಿ ಎಂದು ಚನ್ನಕೇಶವ ಗದರಿದರಂತೆ. ಕಣ್ಣು ಉಳಿಯಿತು. ಮೂಗು ಉಳಿಯಲಿಲ್ಲ. ಒಂದು ವರ್ಷದೊಳಗೆ ಹಿಂದಿರುಗದಿದ್ದರೆ ಇನ್ನು ನಿರೀಕ್ಷಿಸಬೇಡಿ ಎಂದು ವೈದ್ಯರು ಹೇಳಿದರು. ಆ ವರ್ಷವೂ ಕಳೆಯಿತು.

ಬೆಟ್ಟಯ್ಯ ಕೆಲಸಕ್ಕೆ ಮರಳಿದ ಮೊದಲ ತಿಂಗಳಲ್ಲೇ ಇನ್ನೊಂದು ಪ್ರಸಂಗ ನಡೆಯಿತು. ಹೈಡ್ರೋಕ್ಲೋರಿಕ್ ಆಸಿಡ್ಡಿನ ಬಾಟಲಿಯೊಂದು ಬಿರುಕು ಬಿಟ್ಟು ರಾತ್ರಿಯೆಲ್ಲ ಸೋರಿತ್ತು. ಬೆಟ್ಟಯ್ಯ ಬಾಗಿಲು ತೆರೆದು ನೇರವಾಗಿ ಒಳಗೆ ಹೋಗಿ, ಮುಂದಿನ ಕಪಾಟು ಒರೆಸಲು ಕುಳಿತರು. ಮರೆತು ಬಂದಿದ್ದ ಊಟದ ಡಬ್ಬಿ ಕೊಡಲು ಬಂದ ಅಂಜನಮ್ಮನವರಿಗೆ ಅಂಗಳದಲ್ಲೇ ಘಾಟು ಹೊಡೆಯಿತು. ಒಳಗೆ ನೋಡಿದರೆ ಗಂಡ ಕೆಮ್ಮುತ್ತ, ಧೂಳು ಎಂದುಕೊಂಡು ಮುಖ ಒರೆಸಿಕೊಳ್ಳುತ್ತಿದ್ದರು. ರಟ್ಟೆ ಹಿಡಿದು ಹೊರಗೆ ಎಳೆದು ತಂದರು. ಮಾರನೆಯ ದಿನದಿಂದ ಆಕೆ ಜೊತೆಯಲ್ಲೇ ಬರತೊಡಗಿದರು.

“ದಿನಾ ನೂರು ಮೊಳ ಹೂ ಕಟ್ಟೋಳು ನಾನು. ನಿನ್ನೆ ಹೂ ಯಾವ್ದು, ಇವತ್ತಿನ ಹೂ ಯಾವ್ದು ಅಂತ ಕಣ್ಮುಚ್ಕೊಂಡು ಹೇಳ್ತೀನಿ. ಇದೇನು ಮಹಾ?” ಎನ್ನುತ್ತಾರೆ ಅಂಜನಮ್ಮ. ಒಂದೊಂದಕ್ಕೂ ಅವರದೇ ಹೆಸರುಗಳಿವೆ. ಅಮೋನಿಯಾ ಅವರಿಗೆ ಕೊಟ್ಟಿಗೆ, ಈಥರ್ ಆಸ್ಪತ್ರೆ, ಆಸಿಡ್ಡಿನ ಹಬೆ ಸೂಜಿ. ಬಾಗಿಲಲ್ಲಿ ನಿಂತು ಗಾಳಿ ಮೂಸುವ ಹೆಂಗಸನ್ನು ಕಂಡು ಮೊದಮೊದಲು ಹುಡುಗರು ನಗುತ್ತಿದ್ದರು. ಭೋಪಾಲದ ವಿಷಾನಿಲದ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಆ ನಗು ನಿಂತಿತು.

ಅಂಜನಮ್ಮ ಹೀಗೆ ಬರಲು ಪ್ರಿನ್ಸಿಪಾಲರಿಂದ ಬಾಯಿಮಾತಿನ ಒಪ್ಪಿಗೆ ಪಡೆದವರು ಚನ್ನಕೇಶವ. ಹೊಸ್ತಿಲು ದಾಟಬಾರದು, ಬಾಟಲಿಗೆ ಮೂಗು ಒಡ್ಡಬಾರದು ಎಂಬ ಷರತ್ತು ಹಾಕಿದವರೂ ಅವರೇ. ವಾಸನೆಯನ್ನು ಪೂರ್ತಿ ನಂಬಬಾರದೆಂದು ಅವರು ಇಬ್ಬರಿಗೂ ಬಿಡಿಸಿ ಹೇಳಿದ್ದಾರೆ. ಕೆಲವು ಅನಿಲಗಳಿಗೆ ವಾಸನೆಯೇ ಇಲ್ಲ. ಕೆಲವು ಮೊದಲು ಮೂಗನ್ನೇ ಮಂಕುಮಾಡುತ್ತವೆ. ಆದ್ದರಿಂದ ಅಂಜನಮ್ಮ ಹೂ ಮುಡಿದ ಮೇಲೂ ಕಿಟಕಿಗಳೆಲ್ಲ ತೆರೆದು ಗಾಳಿಯಾಡುವವರೆಗೆ ಯಾವ ಬಾಟಲಿಯನ್ನೂ ಮುಟ್ಟುವಂತಿಲ್ಲ.

ಆಕೆ ಬುಟ್ಟಿ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ಹೋದ ಮೇಲೆ ಬೆಟ್ಟಯ್ಯನವರ ದಿನ ಆರಂಭವಾಗುತ್ತದೆ. ಹೊಸ ಲೇಬಲ್ಲುಗಳ ಮೇಲೆ ಕರಗಿಸಿದ ಮೇಣ ಬಳಿಯುತ್ತಾರೆ. ಇನ್ನು ಅವು ಹಬೆಗೆ ಕರಗುವುದಿಲ್ಲ. ಅಮೋನಿಯಾದ ಬಾಟಲಿಯನ್ನು ತೆರೆಯುವ ಮುನ್ನ ಮಣ್ಣಿನ ಬಾನಿಯ ತಣ್ಣೀರಿನಲ್ಲಿ ಇಳಿಬಿಡುತ್ತಾರೆ. ಬಿರಡೆಯ ಮೇಲೆ ಒದ್ದೆ ಬಟ್ಟೆ ಹಾಕಿ, ಮುಖ ಆಚೆ ತಿರುಗಿಸಿ ತೆಗೆಯುತ್ತಾರೆ. ಹೆಸರಿಲ್ಲದ ಬಾಟಲಿಯನ್ನು ಈಗ ಯಾರೂ ಮೂಸುವುದಿಲ್ಲ, ಬಚ್ಚಲಿಗೂ ಸುರಿಯುವುದಿಲ್ಲ; ಅದು ಹೊರಗಿನ ಮರಳಿನ ಪೆಟ್ಟಿಗೆಗೆ ಹೋಗುತ್ತದೆ, ಮುಂದಿನದನ್ನು ಚನ್ನಕೇಶವ ನೋಡಿಕೊಳ್ಳುತ್ತಾರೆ. ತೆಳು ಆಸಿಡ್ ಮಾಡಲು ನಿಂತ ಹುಡುಗರಿಗೆ ಬೆಟ್ಟಯ್ಯ ಹೇಳುವ ಮಾತು ಒಂದೇ: “ಮುದ್ದೆ ಮಾಡೋವಾಗ ಕುದಿಯೋ ನೀರಿಗೆ ಹಿಟ್ಟು ಹಾಕ್ತಾರೆ, ಹಿಟ್ಟಿಗೆ ನೀರು ಹುಯ್ಯಲ್ಲ. ಇಲ್ಲೂ ಹಂಗೇ. ತಣ್ಣೀರಿಗೆ ಆಸಿಡ್ಡು. ಮೆಲ್ಲಗೆ.”

ಕಾಮಾಕ್ಷಿಪಾಳ್ಯದ ಅವರ ಮನೆ ಒಂದು ಕೋಣೆ, ಒಂದು ಅಡುಗೆಮನೆ. ಸಂಜೆಯಾದರೆ ಮನೆಯ ತುಂಬ ಮಲ್ಲಿಗೆ ಮೊಗ್ಗು, ಬಾಳೆನಾರು. ಅಂಜನಮ್ಮ ಹೂ ಕಟ್ಟುತ್ತಲೇ ಗಂಡನನ್ನು ಕೆಣಕುತ್ತಾರೆ. “ಸಾರು ಹಳಸಿದ್ರೂ ಚೆನ್ನಾಗದೆ ಅಂತ ಉಂಡು ಏಳ್ತಾರೆ. ಇಂಥ ಗಂಡ ಯಾರಿಗ್ ಸಿಕ್ತಾರೆ?” ಬೆಟ್ಟಯ್ಯ ಸುಮ್ಮನಿರುವುದಿಲ್ಲ. “ಚೆನ್ನಾಗಿದ್ದಾಗ ಒಂದಿನಾನೂ ಚೆನ್ನಾಗದೆ ಅಂದಿರಲಿಲ್ಲ ಕಣಮ್ಮಿ. ಈಗ ಅದನ್ನ ಸರಿಮಾಡ್ತಿದೀನಿ.”

ಇಬ್ಬರೂ ನಗುತ್ತಾರೆ. ಆಮೇಲೆ ಬೆಟ್ಟಯ್ಯ ಒಂದು ಹಿಡಿ ಮೊಗ್ಗು ಎತ್ತಿ ಅಂಗೈಯಲ್ಲಿ ಉರುಳಿಸುತ್ತ ಕೂರುತ್ತಾರೆ. ಸುಣ್ಣ, ಸೀಮೆಎಣ್ಣೆ, ಮಳೆಗೆ ನೆನೆದ ಮಣ್ಣು ಇವೆಲ್ಲ ಹೇಗಿದ್ದವೆಂದು ಕೇಳಿದರೆ ಅವರು ಇಂದಿಗೂ ವಿವರಿಸಬಲ್ಲರು. ಒಂದನ್ನು ಮಾತ್ರ ಹೇಳಲಾರರು. “ಮಲ್ಲಿಗೆ ವಾಸನೆ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬೆಳ್ಳಗೆ ಕಾಣುತ್ತೆ ಸಾರ್. ತಣ್ಣಗೆ ಮುಟ್ಟಿದಂಗೆ ಆಗುತ್ತೆ. ವಾಸನೆ ಮಾತ್ರ ಬರಲ್ಲ. ಮದುವೆಯಾದಾಗಿಂದ ಮನೆ ತುಂಬ ಅದೇ ಇತ್ತು. ಅದಕ್ಕೇ ಏನೋ, ಬೇರೆಯಾಗಿ ಮೂಸಿ ನೋಡಲೇ ಇಲ್ಲ.”

ಹೊಸ ಕಟ್ಟಡದ ದಾಸ್ತಾನು ಕೋಣೆಗೆ ಗಾಳಿಯನ್ನು ಹೊರದೂಡುವ ಫ್ಯಾನು ಕೂರಿಸಿದ್ದಾರೆ. ಅದಕ್ಕಾಗಿ ಚನ್ನಕೇಶವ ಆಡಳಿತ ಮಂಡಳಿಯ ಮುಂದೆ ಹಲವು ಸಲ ನಿಂತಿದ್ದಾರೆ. ಬೆಟ್ಟಯ್ಯನವರ ಜೊತೆಗೆ ಇನ್ನೊಬ್ಬ ಅಟೆಂಡರನ್ನೂ ಕೇಳಿದರು, ಅದು ಸಿಕ್ಕಲಿಲ್ಲ. ಫ್ಯಾನಿನ ಭರವಸೆಯ ಮೇಲೆ ಬೆಟ್ಟಯ್ಯ ಬರಲಿ ಎಂದು ಅವರ ಮನಸ್ಸಿನಲ್ಲಿತ್ತು. ಬಾಯಿಬಿಟ್ಟು ಕರೆಯುವ ಧೈರ್ಯ ತಮಗಾಗಲಿಲ್ಲ ಎನ್ನುತ್ತಾರೆ. ಕಳೆದ ವಾರ ಇಬ್ಬರೂ ಕೆಂಗೇರಿಗೆ ಹೋಗಿ ನೋಡಿ ಬಂದರು. ಅಗಲವಾದ ಕಿಟಕಿ, ಬಾಗಿಲ ಪಕ್ಕದಲ್ಲೇ ನಲ್ಲಿ, ಎದೆಮಟ್ಟಕ್ಕಿಂತ ಮೇಲೆ ಆಸಿಡ್ ಇಡಲಾಗದಂತೆ ತಗ್ಗಿಸಿದ ಕಪಾಟು. ಬೆಟ್ಟಯ್ಯ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿದರು. ತಮಗೆ ಬೇಕೆಂದು ಕೇಳಿದ್ದೆಲ್ಲ ಅಲ್ಲಿತ್ತು. ಫ್ಯಾನಿನ ಸ್ವಿಚ್ಚು ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿದರು.

ಹಿಂದಿರುಗುವಾಗ, ಬಸ್ಸು ಬಾಪೂಜಿನಗರ ದಾಟಿದ ಮೇಲೆ, ಅವರು ಚನ್ನಕೇಶವ ಅವರಿಗೆ ತಮ್ಮ ಉತ್ತರ ಹೇಳಿದರು. ಆ ಮಾತನ್ನು ಅವರು ಈಗ ಮತ್ತೆ ಹೇಳುತ್ತಾರೆ: “ಕರೆಂಟ್ ಹೋದ್ರೆ ಫ್ಯಾನ್ ನಿಲ್ಲುತ್ತೆ. ಆಗ ಒಳಗೇನಾಗಿದೆ ಅಂತ ಬಾಗಿಲಲ್ಲಿ ನಿಂತ ನಂಗೆ ಗೊತ್ತಾಗಲ್ಲ. ನಂಗೇನಾದ್ರೂ ಆದ್ರೆ ಆಗ್ಲಿ ಅಂದ್ಕೋಬಹುದು. ಆದ್ರೆ ನಾನು ಸರಿಯಾಗಿದೆ ಅಂದ್ಮೇಲೆ ತಾನೇ ಹುಡುಗರು ಒಳಗೆ ಬರೋದು? ಗೊತ್ತಿಲ್ಲದೆ ಸರಿಯಾಗಿದೆ ಅನ್ನಬಾರದು. ಗಂಟೆ ಹೊಡೀತೀನಿ ಸಾರ್ ಅಂದೆ.”



ಈಗ ಬೆಟ್ಟಯ್ಯ ತಮ್ಮ ಕೈಯಾರೆ ಕೋಣೆಯನ್ನು ಖಾಲಿ ಮಾಡುತ್ತಿದ್ದಾರೆ. ಆಸಿಡ್ಡುಗಳ ಪೆಟ್ಟಿಗೆಗೆ ಮರಳು ತುಂಬುತ್ತಾರೆ. ಹುಲ್ಲು, ಮರದ ಹೊಟ್ಟು ಬೇಡ, ಸೋರಿದರೆ ಹೊತ್ತಿಕೊಳ್ಳುತ್ತವೆ. ಅಮೋನಿಯಾ ಬೇರೆ ಗಾಡಿಗೆ. ಮಣ್ಣಿನ ಬಾನಿಯನ್ನೂ ಗೋಣಿಚೀಲ ಸುತ್ತಿ ಕಳುಹಿಸುತ್ತಿದ್ದಾರೆ. ಅಲ್ಲಿ ಅದರ ಉಪಯೋಗವೇನೆಂದು ತಮ್ಮ ಜಾಗಕ್ಕೆ ಬಂದ ಹೊಸ ಅಟೆಂಡರಿಗೆ ಮೂರು ಸಲ ಹೇಳಿದ್ದಾರಂತೆ. ನಾಲ್ಕನೆಯ ಸಲ ಹೇಳಲು ಹೋದಾಗ ಆತ, ಅಣ್ಣಾ, ಬಾನಿಗೇ ಬಾಯಿಪಾಠ ಆಗಿದೆ ಎಂದನಂತೆ.

ಖಾಲಿಯಾದ ಕಪಾಟುಗಳ ನಡುವೆ ನಿಂತ ಅವರನ್ನು, ಇನ್ನೇನಾದರೂ ಬೇಕೆನ್ನಿಸುತ್ತದೆಯೇ ಎಂದು ಕೇಳಿದರೆ ಬೀಗದ ಕೈಗಳ ಗೊಂಚಲನ್ನು ತೋರಿಸುತ್ತಾರೆ. ತಿಂಗಳ ಕಡೆಯ ದಿನ ಬೀಗದ ಕೈ ಒಪ್ಪಿಸಲು ಒಮ್ಮೆ ಇಲ್ಲಿಗೆ ಬರಬೇಕಾಗಿದೆ. ಅಂದು ಕೋಣೆಯಲ್ಲಿ ಒಂದು ಬಾಟಲಿಯೂ ಇರುವುದಿಲ್ಲ, ಮೂಸಿ ನೋಡುವ ಕೆಲಸವೂ ಇಲ್ಲ. ಆದರೂ ಜೊತೆಗೆ ಬರುವಂತೆ ಅಂಜನಮ್ಮನವರನ್ನು ಕೇಳಿಕೊಂಡಿದ್ದಾರೆ. ಮೂರು ವರ್ಷ ಆಕೆ ಈ ದಾರಿಯನ್ನು ಬರಿದಾದ ತುರುಬಿನಲ್ಲಿ, ಅವರ ಹಿಂದೆ ನಡೆದಿದ್ದಾರೆ.

“ಆವತ್ತು ಮನೇಲೇ ಹೂ ಮುಡ್ಕೊಂಡು ಹೊರಡು ಅಂದಿದೀನಿ. ತುಂಬ ಮುಡ್ಕೋ ಅಂದಿದೀನಿ. ನೀನು ಮುಂದೆ ನಡಿ, ನಾನು ಹಿಂದೆ ಬರ್ತೀನಿ ಅಂದೆ. ಅವಳು, ವಾಸನೆ ಇನ್ನು ಬರಲ್ಲ ಅಂತ ಡಾಕ್ಟ್ರು ಹೇಳಿದ್ದು ಮರೆತ್ರಾ ಅಂದ್ಲು.” ಬೆಟ್ಟಯ್ಯ ಕೈಯಲ್ಲಿದ್ದ ಬಟ್ಟೆಯಿಂದ ಖಾಲಿ ಕಪಾಟನ್ನು ಇನ್ನೊಮ್ಮೆ ಒರೆಸುತ್ತಾರೆ. “ಮರೆತಿಲ್ಲ ಸಾರ್. ಆದ್ರೂ ಹಿಂದೇನೇ ನಡೀತೀನಿ.”